ಹೆಸರು ಬದಲಾವಣೆ ವಿಭಾಗದ ಟಿ.ವಿ. ಬದಲಾದದ್ದು

ವಿದ್ಯುತ್ ಕಚೇರಿಯ ಹೆಸರು ಬದಲಾವಣೆ ವಿಭಾಗದಲ್ಲಿ, ಸಾರ್ವಜನಿಕರು ಕಾಯುವ ಕೋಣೆಯಲ್ಲಿದ್ದ ಹಳೆಯ ಟಿ.ವಿ., ಒಂದು ಸೋಮವಾರ ಬೆಳಿಗ್ಗೆ ಕರ್ತವ್ಯದಲ್ಲಿರುವಾಗಲೇ ಕೊನೆಯುಸಿರೆಳೆಯಿತು. ಹೋಗುವ ಮುನ್ನ ಅದು ಒಮ್ಮೆ ಚಟ್ ಎಂದಿತು, ಸ್ವಲ್ಪ ಸುಟ್ಟ ವಾಸನೆ ಬಿಟ್ಟಿತು. ಜವಾನ ಸ್ಟೂಲು ಹತ್ತಿ, ರೂಢಿಯಂತೆ ಅದರ ನೆತ್ತಿಗೆ ಎರಡು ಬಾರಿಸಿ, ಬೆನ್ನು ಮುಟ್ಟಿ ನೋಡಿ, "ಹೋಯ್ತು" ಎಂದು ಘೋಷಿಸಿ ಇಳಿದ.

ಆ ಟಿ.ವಿ.ಯನ್ನು ಮನರಂಜನೆಗೆಂದು ಇಟ್ಟಿರಲಿಲ್ಲ. "ಸಾರ್ವಜನಿಕರ ದೃಷ್ಟಿಯನ್ನು ಸೂಕ್ತ ದಿಕ್ಕಿನಲ್ಲಿ ನಿಲ್ಲಿಸುವ ಸಲುವಾಗಿ" ಎಂದು ಅದರ ಸುತ್ತೋಲೆಯಲ್ಲೇ ಸ್ಪಷ್ಟವಾಗಿತ್ತು. ಅದು ಬರುವ ಮೊದಲು ಸಾರ್ವಜನಿಕರು ಕೂತಲ್ಲಿ ಕೂರಲಾರದೆ ಕಿಂಡಿಯ ಹತ್ತಿರ ಬಂದು "ನಮ್ಮ ಕೆಲಸ ಎಲ್ಲಿಗೆ ಬಂತು?" ಎಂಬಂಥ, ಕಚೇರಿಗೆ ಸಂಬಂಧಪಡದ ಪ್ರಶ್ನೆಗಳನ್ನು ಕೇಳುತ್ತಿದ್ದರು. ಬಂದ ಮೇಲೆ ಎಲ್ಲರ ಬಾಯಿ ತೆರೆದೇ ಇರುತ್ತಿತ್ತು; ಆದರೆ ಅದರೊಳಗಿಂದ ಪ್ರಶ್ನೆ ಬರುವುದು ನಿಂತಿತ್ತು.

ಆ ದಿನ ಬೆಂಚಿನ ಮೇಲೆ ದರ್ಜಿ ಅಕ್ಕನೂ ಇದ್ದಳು. ಅವಳ ಅಂಗಡಿಯ ಕರೆಂಟು ಅವಳಪ್ಪನ ಹೆಸರಿನಲ್ಲಿತ್ತು. ಅಪ್ಪ ತೀರಿಕೊಂಡಾಗ ಅವಳು, ಯಾರೂ ಕೇಳದೆ ಇದ್ದರೂ, ಕಚೇರಿಗೆ ಬಂದು ವಿಷಯ ತಿಳಿಸಿ ಮೀಟರನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಕೊಟ್ಟಳು. ಕಚೇರಿ ಅರ್ಜಿಯ ಮೊದಲರ್ಧದ ಮೇಲೆ ತಕ್ಷಣ ಕ್ರಮ ಕೈಗೊಂಡಿತು. ತೀರಿಕೊಂಡವರು ವಿದ್ಯುತ್ ಬಳಸುವುದು ನಿಯಮಬಾಹಿರವಾದ್ದರಿಂದ ಮಾರನೆಯ ದಿನವೇ ಬಂದು ತಂತಿ ಕಿತ್ತುಕೊಂಡು ಹೋದರು. ಅರ್ಜಿಯ ಉಳಿದರ್ಧ ಪರಿಶೀಲನೆಯಲ್ಲಿತ್ತು.

"ಸತ್ಯ ಹೇಳು ಅಂತ ನಿನಗೆ ಯಾರೇ ಹೇಳಿದ್ದು?" ಎಂದು ಅವಳಮ್ಮ ಹಣೆ ಬಡಿದುಕೊಂಡಿದ್ದಳು. "ಪಕ್ಕದ ಅಂಗಡಿ ಮೀಟರು ಅವರ ಮುತ್ತಾತನ ಹೆಸರಲ್ಲಿದೆ. ಆ ಪುಣ್ಯಾತ್ಮ ಈಗಲೂ ತಿಂಗಳು ತಿಂಗಳು ಬಿಲ್ ಕಟ್ತಾನೆ."

ಅಂದಿನಿಂದ ದರ್ಜಿ ಅಕ್ಕ ಮಿಷಿನನ್ನು ಹೊಸ್ತಿಲಿಗೆ ಎಳೆದುಕೊಂಡು ಹಗಲ ಬೆಳಕಿನಲ್ಲೇ ಹೊಲಿಯುತ್ತಿದ್ದಳು. ಮೋಡ ಕವಿದರೆ ಕೆಲಸ ಬಂದ್. ಸಂಜೆಯಾದರೆ ಸೂಜಿಗೆ ದಾರವೂ ಹೋಗದು. ಈಗ ಶಾಲೆಯ ಸಮವಸ್ತ್ರದ ಆರ್ಡರು ಸಿಕ್ಕಿತ್ತು. ಶಾಲೆ ತೆರೆಯುವ ಮೊದಲು ಕೊಡದಿದ್ದರೆ ಅದು ಪೇಟೆಯ ದೊಡ್ಡ ಅಂಗಡಿಗೆ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ಟಿ.ವಿ. ಆರಿಹೋದರೂ ಜನ ಅಭ್ಯಾಸಬಲದಿಂದ ಅದನ್ನೇ ನೋಡುತ್ತಿದ್ದರು. ಕೋಣೆಗೂ ಗುಮಾಸ್ತರಿಗೂ ನಡುವೆ ಮರದ ಅಡ್ಡಗೋಡೆಯಿತ್ತು, ಆದರೆ ಅದು ಚಾವಣಿ ಮುಟ್ಟುತ್ತಿರಲಿಲ್ಲ. ಟಿ.ವಿ. ಅದಕ್ಕಿಂತ ಎತ್ತರದಲ್ಲಿ, ಪಕ್ಕದ ಗೋಡೆಯ ಮೇಲೆ, ಮೂತಿ ಕೆಳಗೆ ಮಾಡಿಕೊಂಡಿತ್ತು. ಅದರ ಉಬ್ಬಿದ ಕರಿ ಗಾಜಿನಲ್ಲಿ ಅಡ್ಡಗೋಡೆಯ ಆಚೆಗಿನ ಪ್ರಪಂಚ ಪೂರ್ತಿ ಕಾಣುತ್ತಿತ್ತು. ಒಬ್ಬ ಗುಮಾಸ್ತ ಕಡತದ ಕಟ್ಟಿನ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದ. ಇನ್ನೊಬ್ಬ ಕಚೇರಿಯ ಮುದ್ರೆಯಿಂದ ಕಡಲೆಕಾಯಿ ಒಡೆಯುತ್ತಿದ್ದ.

"ಇದು ಹೊಸ ಧಾರಾವಾಹಿ ಇರ್ಬೇಕು" ಎಂದ ಬೆಂಚಿನಲ್ಲಿದ್ದ ಒಬ್ಬ ಅಜ್ಜ. ಈ ಅಜ್ಜ ಯಾವುದೋ ಕೆಲಸಕ್ಕೆಂದು ಬಂದವನು. ಯಾವ ಕೆಲಸವೆಂಬುದು ಅವನಿಗೂ ಕಚೇರಿಗೂ ಮರೆತುಹೋಗಿತ್ತು. ಆದರೂ ತಪ್ಪದೆ ಬರುತ್ತಿದ್ದ.

ದರ್ಜಿ ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಮುಖ್ಯ ಗುಮಾಸ್ತರ ಮೇಜಿನ ಮೋಟುಗಾಲಿನ ಕೆಳಗೆ ಒಂದು ಕಡತವಿತ್ತು. ಅದಕ್ಕೆ ಗಿಳಿಹಸಿರು ಪಟ್ಟಿ ಕಟ್ಟಿತ್ತು. ಕಚೇರಿಯಲ್ಲಿ ದಾರ ಮುಗಿದಿದೆ ಎಂದಾಗ ಅವಳೇ ಚೀಲದಿಂದ ತೆಗೆದು ಕಟ್ಟಿದ್ದ ರವಿಕೆ ಬಟ್ಟೆಯ ಚೂರು ಅದು. ಅವಳು ನೇರ ಕಿಂಡಿಗೆ ಹೋದಳು.

ಮುಖ್ಯ ಗುಮಾಸ್ತರನ್ನು ಜನ ಬೆನ್ನ ಹಿಂದೆ ನಾಳೆ ಗುಮಾಸ್ತರು ಎನ್ನುತ್ತಿದ್ದರು. ಮುಂದೆ ಅನ್ನುವ ಅವಕಾಶ ಸಿಗುತ್ತಿರಲಿಲ್ಲ, ಯಾಕೆಂದರೆ ಅವರೇ ಮೊದಲು "ನಾಳೆ ಬನ್ನಿ" ಅನ್ನುತ್ತಿದ್ದರು.

"ಅಣ್ಣಾ, ನನ್ನ ಫೈಲು..."

"ಸಾಹೇಬರ ಹತ್ರ ಹೋಗಿದೆಯಮ್ಮ. ನಾಳೆ ಬನ್ನಿ."

"ಇಲ್ಲ ಅಣ್ಣ, ನಿಮ್ಮ ಮೇಜಿನ ಕಾಲಡಿ ಇದೆ."

"ನಿಮಗ್ಯಾರು ಹೇಳಿದ್ದು?"

"ಟಿ.ವಿ.ಲಿ ತೋರಿಸ್ತಿದಾರೆ."

ಟಿ.ವಿ.ಯಲ್ಲಿ ತೋರಿಸಿದ ಮೇಲೆ ಸುಳ್ಳಿರಲಾರದೆಂದು ನಾಳೆ ಗುಮಾಸ್ತರು ಬಗ್ಗಿ ನೋಡಿದರು. ಇತ್ತು. ಬೆಂಚುಗಳ ಕಡೆಯಿಂದ ಚಪ್ಪಾಳೆ ಕೇಳಿಸಿತು. ಅವರು ಗಾಬರಿಯಿಂದ ಹೊರಬಂದು ಕೋಣೆಯ ಮಧ್ಯೆ ನಿಂತು ಟಿ.ವಿ.ಯನ್ನು ದಿಟ್ಟಿಸಿದರು.

"ಅಯ್ಯೋ, ನನ್ನ ಕುರ್ಚಿ ಖಾಲಿ ಇದೆಯಲ್ಲೋ!"

"ನೀವು ಇಲ್ಲಿದೀರಲ್ಲ ಸಾರ್" ಎಂದ ಜವಾನ.

"ಓ, ಹೌದಾ. ಹಾಗಾದ್ರೆ ಎಲ್ಲಾ ಎಂದಿನಂತೇ ಇದೆ ಬಿಡು."

ಆದರೆ ಎಂದಿನಂತೆ ಇರಲಿಲ್ಲ. ಸುದ್ದಿ ಹಬ್ಬಿ, ಕಚೇರಿಯಲ್ಲಿ ಯಾವ ಕೆಲಸವೂ ಇಲ್ಲದವರು ಕೂಡ ಮನೆಮಂದಿಯನ್ನು ಕಟ್ಟಿಕೊಂಡು ಬರತೊಡಗಿದರು. ನೋಡುವವರಿದ್ದಾರೆ ಎಂದು ಗೊತ್ತಾದ ಮೇಲೆ ಗುಮಾಸ್ತರು ಮೊದಲು ತಲೆ ಬಾಚಿಕೊಂಡು ಬಂದರು. ಆಮೇಲೆ ಇಸ್ತ್ರಿ ಅಂಗಿ ಬಂತು. ಎಚ್ಚರವಾಗಿ ಕೂತ ಮೇಲೆ ಕೈಗೇನಾದರೂ ಬೇಕಲ್ಲ, ಕಡತ ಬಿಚ್ಚಿದರು. ಬಿಚ್ಚಿದ ಮೇಲೆ ಓದಿದರು. ಓದಿದ ಮೇಲೆ, ವಿಧಿಯಿಲ್ಲದೆ, ಬರೆದರು. ಮುದ್ರೆ ಬಿದ್ದಾಗಲೆಲ್ಲ ಬೆಂಚುಗಳಿಂದ ಸಿಳ್ಳೆ ಬರುತ್ತಿತ್ತು, ಇನ್ನೊಂದು ಹಾಕೋಣ ಅನ್ನಿಸುತ್ತಿತ್ತು. ಹೀಗೆ, ಹುಲ್ಲುಕಡ್ಡಿ ಅಲ್ಲಾಡದ ಆ ವಿಭಾಗದಿಂದ ಕಡತಗಳು ಸಾಹೇಬರ ಮೇಜಿಗೆ ಬಂದು ಬೀಳತೊಡಗಿದವು.

ಸಾಹೇಬರು ಗಾಬರಿಯಾಗಿ ಕೆಳಗೆ ಫೋನ್ ಮಾಡಿದರು. "ಏನ್ರೀ ಇದು ಇದ್ದಕ್ಕಿದ್ದ ಹಾಗೆ? ಯಾರಿಗಾದ್ರೂ ಮೈ ಹುಷಾರಿಲ್ವಾ?"

"ಟಿ.ವಿ. ಕೆಟ್ಟಿದೆ ಸಾರ್" ಎಂದರು ನಾಳೆ ಗುಮಾಸ್ತರು, ಬೆವರು ಒರೆಸಿಕೊಳ್ಳುತ್ತಾ.

ದರ್ಜಿ ಅಕ್ಕನ ಕಡತ ಮೇಜಿನ ಕಾಲಡಿಯಿಂದ ಮೇಜಿನ ಮೇಲಕ್ಕೆ ಬಂದಿತ್ತು. ಅದರ ಜಾಗಕ್ಕೆ ಬೇರೊಬ್ಬರ ಅರ್ಜಿ ಹೋಗಿತ್ತು. ಅವಳು ದಿನವೂ ಮಧ್ಯಾಹ್ನದ ಬಿಸಿಲನ್ನು ಬಿಟ್ಟುಕೊಟ್ಟು ಬಂದು ಗಾಜಿನಲ್ಲಿ ಗಿಳಿಹಸಿರು ಹುಡುಕುತ್ತಿದ್ದಳು. ಅದರ ಮೇಲಿದ್ದ ಕಟ್ಟು ಕರಗುತ್ತಾ ಬಂತು. ಇನ್ನೇನು, ನಾಳೆಯೇ ತನ್ನದು. ಗುಮಾಸ್ತರ ನಾಳೆಯಲ್ಲ, ನಿಜವಾದ ನಾಳೆ. ಅಂದು ಮನೆಗೆ ಹೋಗುವಾಗ ಅವಳು ಎಷ್ಟೋ ದಿನದ ಮೇಲೆ ನಕ್ಕಳು. ಅಂಗಡಿಗೆ ಒಂದು ಹೊಸ ಬಲ್ಬನ್ನೂ ಕೊಂಡಳು.

ಆದರೆ ಅಂದೇ ಸಾಹೇಬರು ಟಿ.ವಿ.ಯನ್ನು ತುರ್ತಾಗಿ ಬದಲಿಸಬೇಕೆಂದು ಆದೇಶಿಸಿದ್ದರು. ಹೊಸದು ಬರುವ ತನಕ ಹಳೆಯದರ ಮೇಲೆ ಒಂದು ಬಟ್ಟೆ ಹಾಕಬಹುದಲ್ಲ ಎಂಬ ಸಲಹೆಯನ್ನೂ ಪರಿಗಣಿಸಲಾಯಿತು. ಅದಕ್ಕೊಂದು ಗವಸು ಹೊಲಿದುಕೊಡು ಎಂದು ಜವಾನ ಅಂದು ಸಂಜೆ ಅಂಗಡಿಗೆ ಹೋಗಿ ದರ್ಜಿ ಅಕ್ಕನನ್ನೇ ಕೇಳಿದ.

"ಕತ್ತಲಲ್ಲಿ ಅಳತೆ ಕಾಣಲ್ಲ ಅಣ್ಣ. ಕರೆಂಟು ಕೊಡಿ, ಹೊಲಿದುಕೊಡ್ತೀನಿ" ಎಂದಳು ಅವಳು.

ಅಲ್ಲಿಗೆ ಆ ಸಲಹೆ ಬಿದ್ದುಹೋಯಿತು. ಮಾರನೆಯ ಬೆಳಿಗ್ಗೆಯೇ ಟಿ.ವಿ. ಬದಲಾವಣೆ ಸಮಿತಿ ಪರಿಶೀಲನೆಗೆ ಬಂತು. ಅದು ಬಂದಿದ್ದಷ್ಟೂ ಹೊತ್ತು ಕಚೇರಿಯ ಇತರ ಕೆಲಸಗಳನ್ನು, ಗೌರವಾರ್ಥವಾಗಿ, ನಿಲ್ಲಿಸಲಾಗಿತ್ತು. ನಿಯಮ ಸರಳವಾಗಿತ್ತು: ಬಳಕೆಯಲ್ಲಿಲ್ಲದ ವಸ್ತುವನ್ನು ಮಾತ್ರ ಬದಲಿಸತಕ್ಕದ್ದು. ಸಮಿತಿಯ ಅಧ್ಯಕ್ಷರು ಬಾಗಿಲಲ್ಲಿ ನಿಂತು ನೋಡಿದರು. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಎಲ್ಲರ ಕಣ್ಣೂ ಟಿ.ವಿ.ಯ ಮೇಲೆಯೇ.

"ಇಷ್ಟು ಜನ ನೋಡ್ತಿರೋ ಟಿ.ವಿ.ನ ಕೆಟ್ಟಿದೆ ಅಂತ ಹೇಗೆ ಬರೀಲಿ?" ಎಂದರು ಅಧ್ಯಕ್ಷರು. "ನಮ್ಮನೇದು ಸರಿಯಾಗೇ ಇದೆ, ಒಬ್ಬರೂ ನೋಡಲ್ಲ."

"ಅದರಲ್ಲಿ ಏನೂ ಬರ್ತಾ ಇಲ್ಲ ಸಾರ್, ನಾವೇ ಬರ್ತಾ ಇದೀವಿ" ಎಂದರು ನಾಳೆ ಗುಮಾಸ್ತರು ಅಳುದನಿಯಲ್ಲಿ.

ಸಮಿತಿ ಬಹಳ ಯೋಚಿಸಿತು. ಕೊನೆಗೆ, ಜನಪ್ರಿಯ ಕಾರ್ಯಕ್ರಮಕ್ಕೆ ಭಂಗ ಬರಬಾರದು, ಆದ್ದರಿಂದ ಹೊಸ ಟಿ.ವಿ.ಯಲ್ಲೂ ಅದೇ ಕಾರ್ಯಕ್ರಮ ಬರುವುದಾದರೆ ಬದಲಾವಣೆಗೆ ಅಡ್ಡಿಯಿಲ್ಲ ಎಂದು ತೀರ್ಮಾನಿಸಿತು. ಗುಮಾಸ್ತರು ದಿನಾ ಕೆಲಸ ಮಾಡುವುದು ಸಾಧ್ಯವಿಲ್ಲದ ಮಾತು. ಒಂದು ದಿನ ಮಾಡಿದ್ದನ್ನು ಚಿತ್ರೀಕರಿಸಿಟ್ಟುಕೊಂಡರೆ ಸಾಕು. ಇದನ್ನು ಕೇಳಿ ಸಾಹೇಬರ ಕಣ್ಣಲ್ಲಿ ನೀರಾಡಿತು. ಇಂಥ ದೂರದೃಷ್ಟಿಯ ಸಮಿತಿಯನ್ನು ತಮ್ಮ ಸೇವಾವಧಿಯಲ್ಲೇ ಕಂಡಿಲ್ಲ ಎಂದರು.

ಕೂಡಲೇ ಮದುವೆ ವಿಡಿಯೋ ತೆಗೆಯುವವನನ್ನು ಕರೆಸಿದರು. ಅವನು ಕಡತಗಳನ್ನು ಒಂದೊಂದಾಗಿ ಎತ್ತಿ ನೋಡಿ, ಗಿಳಿಹಸಿರು ಪಟ್ಟಿಯದನ್ನೇ ಆರಿಸಿಕೊಂಡ. "ಉಳಿದದ್ದೆಲ್ಲ ಮಣ್ಣಿನ ಬಣ್ಣ ಸಾರ್. ಇದು ಕ್ಯಾಮೆರಾದಲ್ಲಿ ಎದ್ದು ಕಾಣುತ್ತೆ."

ದರ್ಜಿ ಅಕ್ಕ ಕಿಂಡಿಗೆ ಮುಖ ಒತ್ತಿಕೊಂಡು ನಿಂತಿದ್ದಳು. ನಾಳೆ ಗುಮಾಸ್ತರು ಪಟ್ಟಿ ಬಿಚ್ಚಿದರು. ಮೊದಲ ಹಾಳೆ ಓದಿದರು, ತಲೆದೂಗಿದರು. ಎರಡನೆಯದನ್ನು ಓದುವಾಗ ತೀರಿಕೊಂಡವರ ವಿಷಯ ಬಂದದ್ದರಿಂದ ಒಂದು ನಿಟ್ಟುಸಿರೂ ಬಿಟ್ಟರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಕ್ಯಾಪು ಬಿಚ್ಚಿ, ಹಾಳೆಯ ಮೇಲೆ ಬಾಗಿದರು.

"ಸಾಕು ಸಾರ್! ಅಲ್ಲೇ ನಿಲ್ಲಿಸಿ!" ಎಂದು ವಿಡಿಯೋದವನು ಕೂಗಿದ.

"ಅಯ್ಯೋ, ಒಂದು ಸಹಿ ಅಷ್ಟೇ ಅಲ್ವೇನಪ್ಪಾ! ಹಾಕಿಬಿಡ್ಲಿ!" ಎಂದು ದರ್ಜಿ ಅಕ್ಕ ಕಿಂಡಿಯಿಂದಲೇ ಅರಚಿದಳು.

"ಅದೆಂಗಾಗುತ್ತಕ್ಕಾ? ಸಹಿ ಬಿದ್ದರೆ ಕಥೆ ಮುಗೀತು. ನಾಳೆಯಿಂದ ಯಾರು ನೋಡ್ತಾರೆ?"

ಎಲ್ಲರಿಗೂ ಇದು ಸರಿ ಎನ್ನಿಸಿತು. ನಾಳೆ ಗುಮಾಸ್ತರು ಪೆನ್ನಿಗೆ ಕ್ಯಾಪು ಹಾಕಿಟ್ಟರು. ಮುಂದೆಂದಾದರೂ ಮರುಚಿತ್ರೀಕರಣ ಬೇಕಾದೀತೆಂದು ಕಡತವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಅದು ಇನ್ನು ಮುಂದೆ ಕಚೇರಿಯ ಆಸ್ತಿ ಎಂದು ನಮೂದಿಸಿದರು.

ಹೊಸ ಟಿ.ವಿ. ಬಂತು. ಗೋಡೆಯ ಅರ್ಧವನ್ನೇ ನುಂಗುವಷ್ಟು ದೊಡ್ಡದು, ಕಣ್ಣು ಕುಕ್ಕುವಷ್ಟು ಬೆಳಕಿನದು. ಅಡ್ಡಗೋಡೆಯನ್ನು ಚಾವಣಿಯವರೆಗೆ ಏರಿಸಲಾಯಿತು. ಅದರ ಹಿಂದೆ ಮತ್ತೆ ಕಡಲೆಕಾಯಿ ಒಡೆಯುವ ಸದ್ದು ಶುರುವಾಯಿತು. ಪರದೆಯ ಮೇಲೆ ಮಾತ್ರ ಬೆಳಗಿನಿಂದ ಸಂಜೆಯವರೆಗೆ ನಾಳೆ ಗುಮಾಸ್ತರು ಕಡತ ಬಿಚ್ಚಿದರು, ಓದಿದರು, ನಿಟ್ಟುಸಿರಿಟ್ಟರು, ಪೆನ್ನಿನ ಕ್ಯಾಪು ತೆಗೆದರು, ಮತ್ತೆ ಕಡತ ಬಿಚ್ಚಿದರು. ಹಳೆಯ ಗಾಜಿಗಿಂತ ಬಣ್ಣ ಎಷ್ಟೋ ಚೆನ್ನಾಗಿದೆ ಎಂದು ಜನ ಮೆಚ್ಚಿಕೊಂಡರು.

"ಅಣ್ಣಾ, ಸಹಿ?" ಎಂದು ದರ್ಜಿ ಅಕ್ಕ ಕಿಂಡಿ ತಟ್ಟಿದಳು.

"ನೀವೇ ನೋಡ್ತಿದೀರಲ್ಲಮ್ಮ, ನಿಮ್ಮ ಕೆಲಸಾನೇ ಮಾಡ್ತಾ ಇದೀನಿ" ಎಂದು ಒಳಗಿನಿಂದ ದನಿ ಬಂತು. ಬಾಯಲ್ಲಿ ಕಡಲೆಕಾಯಿ ಇದ್ದದ್ದು ಸ್ಪಷ್ಟವಾಗಿತ್ತು.

"ಸ್ವಲ್ಪ ಕೂತ್ಕೋ ತಾಯಿ, ಅಡ್ಡ ಬರ್ತೀಯ" ಎಂದು ಹಿಂದಿನ ಬೆಂಚಿನವರು ಗದರಿದರು.

ಅವಳಿಗೆ ಅಳು ಬಂತು. ಟಿ.ವಿ. ಒಡೆದುಹಾಕುವಷ್ಟು ಸಿಟ್ಟೂ ಬಂತು. ಹೊರಗೆ ಮೋಡ ಕವಿದಿತ್ತು, ಚೀಲದಲ್ಲಿ ಗುಂಡಿ ಹಾಕದ ಅಂಗಿಗಳಿದ್ದವು, ಶಾಲೆ ತೆರೆಯುವ ದಿನ ಮುಂದಕ್ಕೆ ಹೋಗುವುದಿಲ್ಲ. ಕೂತಳು. ಕೂತಾಗ ಟಿ.ವಿ.ಯ ಬೆಳಕು ತೊಡೆಯ ಮೇಲೆ ಬಿತ್ತು. ಒಂದು ಸೂಜಿ ತೆಗೆದಳು. ದಾರ ಮೊದಲನೇ ಸಲಕ್ಕೇ ಹೋಯಿತು.

ಮಾರನೆಯ ದಿನ ಅವಳು ಅಂಗಿಯ ರಾಶಿಯನ್ನೇ ತಂದಳು. ಅದರ ಮಾರನೆಯ ದಿನ ಕೈಗಾಡಿಯಲ್ಲಿ ಮಿಷಿನನ್ನೇ ತಂದಳು. ಜವಾನ ಬಾಗಿಲಿಗೆ ಅಡ್ಡ ನಿಂತರೂ ಪಕ್ಕದಿಂದ ನುಗ್ಗಿಸಿ ಪರದೆಯ ಮುಂದೆ ಹೊಲಿಯಲು ಕೂತಳು. ವಿಷಯ ಸಾಹೇಬರವರೆಗೆ ಹೋಯಿತು. ಸಾಹೇಬರು ಬಂದು, ಮಿಷಿನು ಕಟಕಟ ಓಡುವುದನ್ನು ಕೇಳಿ, ಪರದೆಯನ್ನು ನೋಡಿ, ಮತ್ತೆ ಮಿಷಿನಿಗೆ ಕಿವಿಗೊಟ್ಟರು. ವಿಡಿಯೋದಲ್ಲಿ ಧ್ವನಿಯೇ ಇರಲಿಲ್ಲ. ಮದುವೆಗಳಿಗೆ ಹಾಡು ತುಂಬಿ ಅಭ್ಯಾಸವಿದ್ದವನು ಇಲ್ಲಿ ಏನು ತುಂಬಬೇಕೆಂದು ತಿಳಿಯದೆ ಹಾಗೇ ಬಿಟ್ಟಿದ್ದ.

"ಇರ್ಲಿ ಬಿಡ್ರೀ" ಎಂದರು ಸಾಹೇಬರು ತೃಪ್ತಿಯಿಂದ. "ಕಚೇರಿಯಲ್ಲಿ ಕೆಲಸ ನಡೀತಿರೋ ಸದ್ದು ಬರುತ್ತೆ."

ಸಮವಸ್ತ್ರಗಳು ಸಮಯಕ್ಕೆ ಸರಿಯಾಗಿ ಹೋದವು. ಶಾಲೆಯವರು ಇನ್ನೊಂದು ಆರ್ಡರು ಕೊಟ್ಟರು. ಅಷ್ಟರಲ್ಲಿ ಜವಾನ ಅವಳಿಗೊಂದು ಆದೇಶ ತಂದು ಎಲ್ಲರ ಮುಂದೆ ಓದಿದ: "ಅರ್ಜಿದಾರರಿಗೆ ಕಚೇರಿಯ ವತಿಯಿಂದಲೇ ಬೆಳಕನ್ನು ಒದಗಿಸಲಾಗಿರುವುದರಿಂದ, ಸದರಿಯವರ ಅರ್ಜಿಯನ್ನು ಇತ್ಯರ್ಥಗೊಳಿಸಿ ಮುಕ್ತಾಯಗೊಳಿಸಲಾಗಿದೆ." ಬೆಂಚುಗಳಲ್ಲಿ ದೀರ್ಘ ಕರತಾಡನವಾಯಿತು. ದರ್ಜಿ ಅಕ್ಕ ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದಳು. ಕೆಳಗೆ ನಾಳೆ ಗುಮಾಸ್ತರ ಸಹಿ ಇತ್ತು. ಕೊನೆಗೂ ಬಿದ್ದಿತ್ತು, ದುಂಡಗೆ, ಚೆನ್ನಾಗಿಯೇ ಇತ್ತು. ಅವಳು ಅದನ್ನು ಮಡಚಿ ಮಿಷಿನ್ ಸ್ಟ್ಯಾಂಡಿನ ಮೋಟಾಗಿದ್ದ ಒಂದು ಕಾಲಿನ ಕೆಳಗೆ ಇಟ್ಟಳು. ಅಲುಗಾಟ ನಿಂತಿತು.

ಆ ಹೊತ್ತಿಗೆ ಒಬ್ಬ ಹೆಂಗಸು ವಿಳಾಸ ಕೇಳಿಕೊಂಡು ಒಳಗೆ ಬಂದಳು.

"ಅಕ್ಕಾ, ನನ್ನ ಮಗಳ ಲಂಗ ಎಲ್ಲಿಗೆ ಬಂತು?"

"ನಾಳೆ ಬನ್ನಿ" ಎಂದಳು ದರ್ಜಿ ಅಕ್ಕ, ಬಟ್ಟೆಯಿಂದ ಕಣ್ಣೆತ್ತದೆ.

ಹೆಂಗಸು ಏನೋ ಹೇಳಲು ಬಾಯಿ ತೆರೆದಳು. ಅಜ್ಜ ಸರಿದು ಬೆಂಚಿನ ಮೇಲೆ ಅವಳಿಗೂ ಜಾಗ ಮಾಡಿಕೊಟ್ಟ.

"ಬಾಮ್ಮ, ಕೂತ್ಕೋ" ಎಂದ. "ಈಗ ಪೆನ್ನಿನ ಕ್ಯಾಪು ತೆಗೀತಾರೆ."