ಐದು ಕಿಲೋದ ಅವಳಿ ಮಕ್ಕಳು

ನಮ್ಮ ಮುತ್ತಾತನನ್ನು ಜನ 'ನೆಟ್ಟಗಿನ ಮುಳ್ಳು' ಎಂದು ಕರೆಯುತ್ತಿದ್ದರು. ತಕ್ಕಡಿ ರಿಪೇರಿ ಅವನ ಕಸುಬು. ಕಾಳಿನ ವ್ಯಾಪಾರಿಯೊಬ್ಬ ತಟ್ಟೆಯ ಅಡಿಗೆ ಮೇಣ ಮೆತ್ತಿ ತೂಗುತ್ತಿದ್ದುದನ್ನು ಮುಟ್ಟದೆ, ಎತ್ತದೆ, ಬರೀ ಮೂಸಿ ನೋಡಿ ಹಿಡಿದ ಮಹಾನುಭಾವ! ಅವನ ಮಗ, ಅಂದರೆ ನಮ್ಮ ತಾತ, 'ಎಣ್ಣೆ ಅಜ್ಜ'. ಒಂದು ಮನೆಗೆ ಸಾವಿನ ಸುದ್ದಿ ಮುಟ್ಟಿಸಬೇಕಾಗಿ ಬಂದಾಗ ಅವನು ಮಾಡಿದ್ದೇನು? ಮೊದಲು ಆ ಮನೆಯ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟು, "ನೋಡಿ, ಬಾಗಿಲು ಸರಿಹೋಯ್ತು" ಎಂದು ಒಳ್ಳೆಯ ಸುದ್ದಿ ಹೇಳಿ, ಆಮೇಲೆ ಕೆಟ್ಟದ್ದನ್ನು ಹೇಳಿದ. ಇನ್ನು ನಮ್ಮಪ್ಪ! ಬೀದಿಯ ದರ್ಜಿಯ ಅಂಗಡಿ ಸುಟ್ಟುಹೋದಾಗ ಎರಡು ಮೈಲಿ ಓಡಿ ಹೋಗಿ, "ನಿನ್ನ ಅಂಗಡಿ ಬೂದಿಯಾಯ್ತಪ್ಪ, ಆದ್ರೆ ಹೋದ ತಿಂಗಳು ಕಳೆದಿದ್ದ ಕತ್ತರಿ ಆ ಬೂದಿಯಲ್ಲೇ ಸಿಕ್ತು!" ಎಂದವನು.

ಒಂದು ತಟ್ಟೆಯಲ್ಲಿ ಕಹಿ ಇಟ್ಟರೆ ಇನ್ನೊಂದರಲ್ಲಿ ಅಷ್ಟೇ ತೂಕದ ಸಿಹಿ ಇಡಬೇಕು. ಮುಳ್ಳು ನಡುವೆ ನಿಲ್ಲುವ ತನಕ ಬಾಯಿ ಬಿಡಬಾರದು. ಇದು ನಮ್ಮ ಮನೆತನದ ಕಾನೂನು. ಅದರ ಉಪಕಾನೂನು ಇನ್ನೊಂದಿದೆ: ಯಾರ ಹತ್ತಿರವೂ ಸಹಾಯ ಕೇಳಬಾರದು.

ಈ ಮೂವರ ವಾರಸುದಾರ ನಾನು. ಶಾಲೆ ಎರಡನೇ ತರಗತಿಯಲ್ಲೇ ನನಗೆ ಕೈಮುಗಿಯಿತು. ಅಂಕಿಯನ್ನೂ ಅಕ್ಷರವನ್ನೂ ಕಬ್ಬಿಣದ ತೂಕದ ಕಲ್ಲುಗಳ ಮೇಲಿನ ಉಬ್ಬು ಬರಹವನ್ನು ಬೆರಳಲ್ಲಿ ಸವರಿ ಸವರಿ ಕಲಿತೆ. ಉಳಿದ ವಿದ್ಯೆಯೆಲ್ಲ ಪೊಟ್ಟಣ ಕಟ್ಟಿದ ಹಳೆಯ ಕಾಗದದಿಂದ ಬಂತು. ಮೂವತ್ತನಾಲ್ಕು ವರ್ಷದ ಹಿಂದೆ ತಂಗಿ ಸಮುದ್ರ ದಾಟಿ ಹೋದ ದಿನ ಶಪಥ ಮಾಡಿದೆ: ಊರು ಮುಳುಗಿದರೂ ಸರಿ, ತೂಕ ತಪ್ಪಿದ ಸುದ್ದಿ ನನ್ನ ತಂಗಿಯ ಕಿವಿಗೆ ಬೀಳಬಾರದು!

ಮೊದಲೆಲ್ಲ ಸುಲಭವಿತ್ತು. ಭಾನುವಾರ ಬೆಳಗ್ಗೆ ಫೋನು. ಯಾರದೋ ಹಲ್ಲು ಹೋಯಿತು, ಯಾರಿಗೋ ಹಲ್ಲು ಬಂತು. ಒಬ್ಬರ ಮನೆ ಸೋರಿತು, ಇನ್ನೊಬ್ಬರ ಮನೆಗೆ ಸೊಸೆ ಬಂದಳು. ತಟ್ಟೆಗಳು ತಾವೇ ತೂಗುತ್ತಿದ್ದವು. ಆದರೆ ವಯಸ್ಸಾಗುತ್ತ ಬಂದ ಹಾಗೆ ಏನಾಗುತ್ತದೆಂದರೆ, ಕೆಟ್ಟ ಸುದ್ದಿ ಕರೆಯದೆ ಬರುತ್ತದೆ, ಒಳ್ಳೆಯ ಸುದ್ದಿಯನ್ನು ದೀಪ ಹಿಡಿದು ಹುಡುಕಬೇಕು. ಶನಿವಾರ ಬಂತೆಂದರೆ ನಾನು ಬೀದಿಯ ಈ ತುದಿಯಿಂದ ಆ ತುದಿಗೆ ಕಾಲೆಳೆದುಕೊಂಡು, "ಏನಾದ್ರೂ ಒಳ್ಳೇದಾಯ್ತಾ? ಸಣ್ಣದಾದ್ರೂ ಪರವಾಗಿಲ್ಲ" ಎಂದು ಬಾಗಿಲು ಬಾಗಿಲಿಗೆ ಕೇಳುತ್ತಿದ್ದೆ. ಎಲ್ಲರೂ ತಮ್ಮ ನೋಯುವ ಸೊಂಟ ತೋರಿಸುತ್ತಿದ್ದರು. ಅತ್ತ ತಂಗಿಗೆ ಮಾತ್ರ ಆಸ್ಪತ್ರೆ ಕೆಲಸದಲ್ಲಿ ಬಡ್ತಿ, ಗುಲಾಬಿ ತೋಟದ ಮನೆ!

ಹೋದ ವರ್ಷ ಡಬ್ಬಕ್ಕೆ ಬೆಸುಗೆ ಹಾಕುವವನಿಗೆ ಲಕ್ವ ಹೊಡೆಯಿತು. ಚಿಕ್ಕಂದಿನಲ್ಲಿ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವನು. ಆ ತೂಕಕ್ಕೆ ಸಮನಾದದ್ದು ಬೀದಿಯಲ್ಲೆಲ್ಲೂ ಸಿಗಲಿಲ್ಲ. ಬೇರೆ ದಾರಿ ಕಾಣದೆ ಬೇಕರಿಯವನ ಮಗನಿಗೆ ಮದುವೆ ಮಾಡಿಸಿದೆ. ಫೋನಿನಲ್ಲಿ!

"ಅಯ್ಯೋ, ನಾನು ಹೊರಟಾಗ ತೊಟ್ಟಿಲಲ್ಲಿದ್ದ! ಹುಡುಗಿ ಹೇಗಿದ್ದಾಳೆ ಅಣ್ಣ?" ಎಂದಳು ತಂಗಿ.

"ನೋಡೋಕೆ ಎರಡು ಕಣ್ಣು ಸಾಲದು ಕಣಮ್ಮ" ಎಂದೆ. ಸುಳ್ಳಲ್ಲ. ಇಲ್ಲದವಳನ್ನು ನೋಡಲು ಎಷ್ಟು ಕಣ್ಣಿದ್ದರೆ ತಾನೆ ಸಾಕು?

ಒಂದು ಸಲ ಕೈ ಕಚ್ಚದಿದ್ದರೆ ಇನ್ನೊಂದು ಸಲ ಕೈ ಹಾಕುವುದು ಮನುಷ್ಯ ಸ್ವಭಾವ. ನನ್ನವಳ ಮಂಡಿ ಕೈಕೊಟ್ಟಿತು. ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಮರದ ಮೆಟ್ಟಿಲು. ಕೆಳಗಿನಿಂದ ಮೂರನೆಯದು ಕೊಳೆತು ಕುಂಯ್ಗುಡುತ್ತಿತ್ತು. "ಅತ್ತಿಗೆಗೆ ಮಂಡಿ ನೋವು, ಆದ್ರೆ ಮೂರನೇ ಮೆಟ್ಟಿಲನ್ನ ನಾನೇ ಹೊಸದಾಗಿ ಮಾಡ್ಬಿಟ್ಟೆ. ಆನೆ ಹತ್ತಿದ್ರೂ ಅಲ್ಲಾಡಲ್ಲ!" ಎಂದೆ. ಮುಳ್ಳು ನಡುವೆ ನಿಂತಿತು.

ಆಮೇಲೆ ಕೊಡೆ ರಿಪೇರಿಯವನು ಸತ್ತ. ತಂಗಿ ಹೊರಡುವ ದಿನ ಅವಳ ಕೊಡೆಯ ಮುರಿದ ಕಡ್ಡಿಗೆ ತಂತಿ ಸುತ್ತಿಕೊಟ್ಟು, "ಎಲ್ಲಿಗೇ ಹೋಗು ತಾಯಿ, ನೆನೀಬೇಡ" ಎಂದು ಕಳಿಸಿದವನು. ಸಾವಿಗೆ ಸಮ ಹುಟ್ಟೊಂದೇ. ಈ ಸಾವಿಗೆ ಒಂದು ಹುಟ್ಟೂ ಸಾಲದು ಅನ್ನಿಸಿತು. ಬೇಕರಿಯವನ ಮಗನಿಗೆ ಅವಳಿ ಮಕ್ಕಳಾದವು.

ಅತ್ತ ತಂಗಿ ಮೊದಲು ಅತ್ತಳು, ಆಮೇಲೆ ನಕ್ಕಳು. ಕೊನೆಗೆ ಮೆಲ್ಲಗೆ ಹೇಳಿದಳು, "ಅಣ್ಣ, ಈ ವರ್ಷ ಬರೋಣ ಅಂತಿದ್ದೆ. ಹನ್ನೊಂದು ವರ್ಷ ಆಯ್ತಲ್ಲ ಬಂದು. ನಿಮಗೇನಾದ್ರೂ ಕಷ್ಟ ಇದ್ರೆ ಹೇಳು, ಟಿಕೆಟ್ ಮಾಡಿಸ್ತೀನಿ."

ಈಗಲೇ ಬಾ ಎಂದಿತು ಮನಸ್ಸು. ಬಾಯಿ ಮಾತ್ರ ತಾತನ ಬಾಯಿ. "ಕಷ್ಟವಾ? ನಮಗಾ? ಆರಾಮಾಗಿದ್ದೀವಿ ಕಣಮ್ಮ!"

"ಹಾಗಾದ್ರೆ ಮುಂದಿನ ವರ್ಷ ನೋಡೋಣ. ಈಗ ಕೂತು ಮಕ್ಕಳಿಗೆ ಸ್ವೆಟರ್ ಹೆಣೀತೀನಿ."

ಫೋನಿಟ್ಟೆ. ನನ್ನವಳು ಮಂಡಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದಳು.

"ಬಾ ಅನ್ನೋಕೆ ಏನ್ರೀ ರೋಗ ನಿಮಗೆ? ದಿನಾ ಸಂಜೆ ಅವಳ ಫೋಟೊ ಒರೆಸ್ತೀರಲ್ಲ!"

"ಧೂಳು ಕೂರುತ್ತೆ, ಒರೆಸ್ತೀನಿ. ಬಾ ಅಂದ್ರೆ ಅದು ಸಹಾಯ ಕೇಳಿದ ಹಾಗಾಗುತ್ತೆ ಕಣೇ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಇಲ್ಲದ ಮಕ್ಕಳನ್ನ ಹುಟ್ಟಿಸಿ ಇರೋ ತಂಗೀನ ತಡೆದ್ರಿ. ನಿಮ್ಮ ತಕ್ಕಡಿಗಿಷ್ಟು ಬೆಂಕಿ ಹಾಕ!"

ಅವಳ ಮಾತಿಗೆ ಸಮನಾದ ಕಲ್ಲು ನನ್ನ ಅಂಗಡಿಯಲ್ಲಿ ಇರಲಿಲ್ಲ.

ಎರಡು ತಿಂಗಳಿಗೆ ಸ್ವೆಟರು, ಟೋಪಿಗಳ ಪಾರ್ಸಲ್ ಬಂತು. ಕಂಕುಳಲ್ಲಿ ಅವುಚಿಕೊಂಡು, ಗತ್ತಿನಿಂದ ಮೆಟ್ಟಿಲು ಹತ್ತಿದೆ. ಒಂದು. ಎರಡು. ಮೂರನೆಯದು ಇರಲಿಲ್ಲ! ಅಂದರೆ ಕಾಲಿಡುವವರೆಗೂ ಇತ್ತು. ಆನೆ ಹತ್ತಿದರೂ ಅಲ್ಲಾಡದ ಮೆಟ್ಟಿಲಿನೊಳಗೆ ನನ್ನ ಕಾಲು ತೊಡೆಯವರೆಗೆ ಇಳಿದುಹೋಯಿತು. ಎಡಗೈ ಮಣಿಕಟ್ಟು ಲಟಕ್ಕೆಂದಿತು. ಪಾರ್ಸಲ್ಲಿಗೆ ಒಂದು ಗೀರೂ ಬೀಳಲಿಲ್ಲ. ಅದೇ ಒಳ್ಳೆಯ ಸುದ್ದಿ!

ಡಾಕ್ಟರು ಕೈಗೆ ಪ್ಲಾಸ್ಟರ್ ಹಾಕಿದರು. ಬಡಗಿ ತಾನೇ ಬಂದು, "ಮೆಟ್ಟಿಲು ನಾನು ಮಾಡ್ಕೊಡ್ತೀನಿ ಬಿಡಿ" ಎಂದ. ನಾನು ಬಿಡಲಿಲ್ಲ. ಒಂದೇ ಕೈಯಲ್ಲಿ, ಸಾಬೂನಿನ ಪೆಟ್ಟಿಗೆಯ ಹಲಗೆಯೊಂದನ್ನು ಮೂರನೆಯ ಮೆಟ್ಟಿಲಿಗೆ ಜಡಿದೆ. ಮೂರು ಮೊಳೆ ಹಲಗೆಗೆ ಹೋದವು, ಎರಡು ಗಾಳಿಗೆ.

ಭಾನುವಾರ ಫೋನು. "ಸ್ವೆಟರ್ ಸರಿಹೋಯ್ತಾ ಅಣ್ಣ? ಮಕ್ಕಳಿಗೆ ಹಾಕಿ ಒಂದು ಫೋಟೊ ಕಳಿಸು. ನೋಡ್ಬೇಕು ಅನ್ನಿಸ್ತಿದೆ."

ಅವಳ ದನಿಯಲ್ಲಿ ಏನೋ ಒಂದು ಸುಸ್ತು ಇತ್ತು. ಇಲ್ಲವೆನ್ನಲು ನನ್ನಿಂದಾಗಲಿಲ್ಲ. ಬೀದಿಯಲ್ಲಿ ಎಳೆಮಕ್ಕಳನ್ನು ಹುಡುಕಿದೆ. ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಚಿಕ್ಕವನೆಂದರೆ ಆ ಬೇಕರಿಯವನ ಮಗನೇ, ಮೂವತ್ತನಾಲ್ಕು ವರ್ಷದ ಬ್ರಹ್ಮಚಾರಿ! ಆಗ ಅಂಗಡಿಯ ಮೂಲೆಯಲ್ಲಿ ಜೋಡಿಯಾಗಿ ಕೂತಿದ್ದವು ನನ್ನ ಐದೈದು ಕಿಲೋದ ಎರಡು ಕಬ್ಬಿಣದ ಕಲ್ಲುಗಳು. ದುಂಡಗೆ, ಕಪ್ಪಗೆ, ಗಂಭೀರವಾಗಿ. ಸ್ವೆಟರಿನೊಳಗೆ ಬಟ್ಟೆ ತುರುಕಿ ಮೈ ಮಾಡಿದೆ, ಕಲ್ಲುಗಳಿಗೆ ಟೋಪಿ ತೊಡಿಸಿ ತಲೆ ಮಾಡಿದೆ, ಕತ್ತಿನವರೆಗೆ ಹೊದಿಸಿದೆ. ಮುಖ ಗೋಡೆಯ ಕಡೆ. ಸ್ವಲ್ಪ ದೂರದಿಂದ, ಸ್ವಲ್ಪ ಕತ್ತಲಲ್ಲಿ, ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡಿದರೆ ಮಲಗಿದ ಕಂದಮ್ಮಗಳೇ!

ಬಲಗೈಯಲ್ಲಿ ಫೋನು ಹಿಡಿದು ಕ್ಲಿಕ್ಕಿಸುವ ಹೊತ್ತಿಗೆ ಸರಿಯಾಗಿ, ರಿಪೇರಿಗೆ ಕೊಟ್ಟಿದ್ದ ತಕ್ಕಡಿ ಒಯ್ಯಲು ಬೇಕರಿಯವನ ಮಗನೇ ಒಳಗೆ ಬಂದ.

"ಯಾರ ಮಕ್ಕಳು ತಾತ?"

ಮೇಲಿನಿಂದ ನನ್ನವಳ ದನಿ ಬಂತು. "ನಿನ್ನವೇ ಕಣಪ್ಪ. ಎತ್ಕೊಂಡು ಹೋಗು!"

ಪಾಪ, ಅವನು ಒಂದು ಹೆಜ್ಜೆ ಹಿಂದಕ್ಕಿಟ್ಟ. ವಿಷಯವನ್ನೆಲ್ಲ ಹೇಳಿದೆ. ಟೋಪಿ ಎತ್ತಿ ನೋಡಿ, "ಬಣ್ಣ ಯಾರದ್ದೋ ಗೊತ್ತಿಲ್ಲ, ಗಟ್ಟಿತಲೆ ಮಾತ್ರ ನಿಮ್ಮದೇ ತಾತ" ಎಂದು ಹೇಳಿ ತನ್ನ ತಕ್ಕಡಿ ಹೊತ್ತು ನಡೆದ.

ಫೋಟೊ ಕಳಿಸಿ ಮೇಲಕ್ಕೆ ಹೋದೆ. ಕಾಲು ಗಂಟೆಯೊಳಗೆ ಫೋನು ಬಂತು.

"ಅಣ್ಣ."

"ಹೇಳಮ್ಮ. ಮುದ್ದಾಗಿದ್ದಾವಲ್ಲ?"

"ಮುದ್ದಾಗಿದ್ದಾವೆ. ಫೋಟೊ ದೊಡ್ಡದು ಮಾಡಿ ನೋಡಿದೆ. ಎಡಗಡೆ ಮಗುವಿನ ಕೆನ್ನೆ ಮೇಲೆ ಐದು ಕಿಲೋ ಅಂತ ಬರೆದಿದೆಯಲ್ಲ?"

ಯಾವ ಅಕ್ಷರದಿಂದ ನಾನು ಓದು ಕಲಿತೆನೋ ಅದೇ ಅಕ್ಷರ ನನ್ನ ಮಾನ ಕಳೆಯಿತು! "ಹುಟ್ಟಿದಾಗಿನ ತೂಕ ಕಣಮ್ಮ. ಮರೀಬಾರ್ದು ಅಂತ…"

ಅಷ್ಟರಲ್ಲಿ ನನ್ನವಳು ಕೈಯಿಂದ ಫೋನು ಕಿತ್ತುಕೊಂಡಳು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ಮನೆಯಿಂದ ಒಂದೇ ತಟ್ಟೆಯ ಸುದ್ದಿ ಹೊರಟಿತು. "ಮದುವೆ ಇಲ್ಲ, ಮಕ್ಕಳಿಲ್ಲ, ಮೆಟ್ಟಿಲು ಮುರಿದಿದೆ, ನಿಮ್ಮಣ್ಣನ ಕೈ ಮುರಿದಿದೆ, ನನ್ನ ಮಂಡಿ ಮಡಚೋಕೆ ಬರ್ತಿಲ್ಲ. ಇಬ್ಬರಿಗೂ ನಿನ್ನನ್ನ ನೋಡ್ಬೇಕು ಅನ್ನಿಸಿದೆ. ಅದನ್ನ ಹೇಳೋಕೆ ಮಾತ್ರ ಈ ಮನೇಲಿ ಯಾರಿಗೂ ಬಾಯಿಲ್ಲ!"

ನನ್ನವಳು ಫೋನಿನ ಧ್ವನಿ ಜೋರು ಮಾಡಿದ್ದಳು, ತಂಗಿಯ ಮಾತು ನನಗೂ ಕೇಳುತ್ತಿತ್ತು.

"ಅತ್ತಿಗೆ, ನಾನು ಆಸ್ಪತ್ರೆ ಬಟ್ಟೆ ಒಗೆಯೋ ವಿಭಾಗದಲ್ಲಿ ಮೇಲ್ವಿಚಾರಕಿ ಆದೆ ಅಂದಿದ್ನಲ್ಲ? ಆ ವಾರವೇ ಕೆಲಸದಿಂದ ತೆಗೆದ್ರು. ಎರಡು ವರ್ಷ ಆಯ್ತು. ಇಲ್ದಿದ್ರೆ ಸ್ವೆಟರ್ ಹೆಣೆಯೋಕೆ ಟೈಮ್ ಎಲ್ಲಿಂದ ಬರಬೇಕು?"

"ಮತ್ತೆ ಆ ತೋಟದ ಮನೆ?" ನಾನೇ ಕೂಗಿದೆ. "ಗುಲಾಬಿ ತೋಟ ಅಂದಿದ್ಯಲ್ಲ!"

"ಕಿಟಕಿಯಲ್ಲಿ ಒಂದು ಕುಂಡ ಇದೆ ಅಣ್ಣ. ಹೋದ ವರ್ಷ ಒಂದು ಹೂ ಬಿಟ್ಟಿತ್ತು. ನಾನೂ ಅದೇ ಅಪ್ಪನ ಮಗಳಲ್ವಾ? ನೀನು ಕಳಿಸ್ತಿದ್ದ ಒಳ್ಳೇ ಸುದ್ದಿಗೆ ಸಮ ತೂಗಿಸೋಕೆ ನನಗೆ ಎಷ್ಟು ಸುಸ್ತಾಗ್ತಿತ್ತು ಗೊತ್ತಾ!"

ಇಬ್ಬರು ಮುದುಕರು ಸಮುದ್ರದ ಆಚೆಗೊಬ್ಬರು ಈಚೆಗೊಬ್ಬರು ಕೂತು, ಖಾಲಿ ತಟ್ಟೆಗಳನ್ನು ಇಷ್ಟು ವರ್ಷ ಕೈಯಲ್ಲಿ ಒತ್ತಿ ಹಿಡಿದಿದ್ದೆವು.

"ಬರ್ಲಾ ಅಣ್ಣ?" ಎಂದಳು.

ನನ್ನ ಬಾಯಿ ತನ್ನಷ್ಟಕ್ಕೆ ತಾನು 'ಬೇಡ' ಎನ್ನಲು ತೆರೆಯಿತು. ನನ್ನವಳು ಅದರ ಮೇಲೆ ಕೈ ಮುಚ್ಚಿ, "ಬಾರಮ್ಮ" ಎಂದಳು.

ಬಂದಳು. ಹೋದ ಮಂಗಳವಾರ ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ಒಂದು ಸೂಟ್‌ಕೇಸ್ ಜೊತೆ ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಕೈಯಲ್ಲಿ ಅದೇ ಹಳೆಯ ಕೊಡೆ, ಕಡ್ಡಿಗೆ ಸುತ್ತಿದ ತಂತಿಯೂ ಅದೇ. ಗಂಡಸು ಇಂಥ ಹೊತ್ತಿನಲ್ಲಿ ಏನು ಮಾಡಬೇಕೋ ಅದನ್ನೇ ಮಾಡಿದೆ. ಸೂಟ್‌ಕೇಸ್ ಎತ್ತಿಕೊಂಡೆ.

"ಅಣ್ಣ, ಕೈಗೆ ಪ್ಲಾಸ್ಟರ್ ಇದೆ, ಬಿಡು!"

"ರೀ, ಆ ಮೆಟ್ಟಿಲು!"

ಬಿಡುವವನೇ ನಾನು? ತೂಕ ಎತ್ತುವ ವಂಶ! ಒಂದು. ಎರಡು. ಮೂರು. ಸಾಬೂನಿನ ಹಲಗೆ ಒಂದು ಕ್ಷಣ ಯೋಚಿಸಿತು, ಆಮೇಲೆ ತನ್ನ ಮೂರೂ ಮೊಳೆಗಳನ್ನು ಬಿಟ್ಟುಕೊಟ್ಟಿತು. ಕಾಲು ಮತ್ತೆ ಹಳೆಯ ಜಾಗಕ್ಕೇ ಇಳಿಯಿತು. ಸೂಟ್‌ಕೇಸ್ ಉರುಳಿ ಬಾಗಿಲಿಗೆ ಹೋಯಿತು. ತೊಡೆಯವರೆಗೆ ಮೆಟ್ಟಿಲಿನೊಳಗೆ ಹೂತು, ಪ್ಲಾಸ್ಟರ್ ಕೈಯನ್ನು ಬಾವುಟದ ಹಾಗೆ ಮೇಲೆತ್ತಿ ನಾನು ನಿಂತಿದ್ದೆ. ಒಂದು ಕಡೆಯಿಂದ ತಂಗಿ ಓಡಿಬಂದು, ಇನ್ನೊಂದು ಕಡೆಯಿಂದ ಹೆಂಡತಿ ಕುಂಟುತ್ತ ಬಂದು, ಇಬ್ಬರೂ ಕೈ ಚಾಚಿದರು.

"ಬೇಡ! ಯಾರೂ ಮುಟ್ಟಬೇಡಿ. ನೀವಿಬ್ರೂ ಮೇಲೆ ಹೋಗಿ ಚಹಾ ಕುಡೀರಿ. ನಾನು ಇಲ್ಲಿ ಆರಾಮಾಗಿದ್ದೀನಿ."