ನೂರಹನ್ನೆರಡನೆಯ ಪುಟದ ಬೊಂತೆಯ ಕುರಿತು ಒಂದು ಅರಿಕೆ

ಮಾನ್ಯ ಅಧ್ಯಕ್ಷರಿಗೆ ಹಾಗೂ ಪುಸ್ತಕ ಆಯ್ಕೆ ಸಮಿತಿಯ ಸಮಸ್ತ ಸದಸ್ಯರಿಗೆ,
ನೂಲೆಳೆ ಕಲಾ ಪ್ರತಿಷ್ಠಾನ, ಬೆಂಗಳೂರು.

ಮಾನ್ಯರೇ,

ಆವತಿ ಅಂಚೆಗೆ ಸೇರಿದ ನಮ್ಮ ಹಳ್ಳಿಯ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ಅಕ್ಷತ ಎಂಬ ನಾನು, ತಲೆಯ ಮೇಲೆ ಹಾರುವ ವಿಮಾನಗಳ ಸದ್ದು ತುಸು ತಗ್ಗಿದ ಹೊತ್ತು ನೋಡಿಕೊಂಡು, ತಮಗೂ ತಮ್ಮ ಕುಟುಂಬದವರಿಗೂ ತಮ್ಮ ಸಭಾಂಗಣದ ಏಸಿಗೂ ಆಯುರಾರೋಗ್ಯ ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಹೀಗೆ ಬಹಿರಂಗವಾಗಿ ಬರೆಯಲು ಕಾರಣವಿಷ್ಟೆ, ಲಕೋಟೆಯಲ್ಲಿಟ್ಟು ಅಂಟಿಸಿ ಕಳಿಸಿದ ಮೂರು ಪತ್ರಗಳಿಗೆ ತಮ್ಮಿಂದ ಉತ್ತರ ಬರಲಿಲ್ಲ.

ಮೊದಲಿಗೆ ಕೃತಜ್ಞತೆ ಸಲ್ಲಿಸಬೇಕು. "ಕಲಾತ್ಮಕ ಕೌದಿ ಮತ್ತು ಜವಳಿ ಕಸುಬು: ಓದಲೇಬೇಕಾದ ಹನ್ನೊಂದು ಪುಸ್ತಕಗಳು" ಎಂಬ ಪಟ್ಟಿಯನ್ನೂ, ಅದರ ಜೊತೆಗೆ ಆ ಹನ್ನೊಂದು ಪುಸ್ತಕಗಳನ್ನೂ, "ಗ್ರಾಮೀಣ ಮಹಿಳೆಯರಲ್ಲಿ ಹೊಲಿಗೆಯ ಅರಿವು ಮೂಡಿಸುವ ಸಲುವಾಗಿ" ಎಂಬ ಒಕ್ಕಣೆಯೊಡನೆ ತಾವು ನಮ್ಮ ಗ್ರಂಥಾಲಯಕ್ಕೆ ದಯಪಾಲಿಸಿದಿರಿ. ಹಳೆ ಸೀರೆಗಳನ್ನು ಪದರ ಹಾಕಿ, ಮೇಲೆ ತುಂಡುಬಟ್ಟೆ ಕೂಡಿಸಿ ಹೊಲಿಯುವ ಹೊದಿಕೆಗೆ ತಾವು ಕೌದಿ ಎನ್ನುತ್ತೀರಿ, ನಾವು ಬೊಂತೆ ಎನ್ನುತ್ತೇವೆ, ಮತ್ತು ಅರಿವು ಮೂಡಬೇಕಾದ ನಮ್ಮ ಹೆಂಗಸರು ಲಂಗ ತೊಡುವ ವಯಸ್ಸಿನಿಂದಲೂ ಅದನ್ನು ಹೊಲಿದುಕೊಂಡೇ ಬಂದಿದ್ದಾರೆ. ಹನ್ನೊಂದೂ ಪುಸ್ತಕಗಳು ಇಂಗ್ಲಿಷಿನಲ್ಲಿರುವುದರಿಂದ ನಾನೇ ಓದಿ ಹೇಳಬೇಕಾಯಿತು. ಒಂದರಲ್ಲಿ ಸೂಜಿಗೆ ದಾರ ಪೋಣಿಸುವ ಬಗೆಯನ್ನು ಹದಿನಾಲ್ಕು ಪುಟಗಳಲ್ಲಿ ವಿವರಿಸಲಾಗಿದೆ, ಇನ್ನೊಂದರಲ್ಲಿ ಹೊಸ ಬಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ನೆನೆಸಿ ಹಳೆಯದರಂತೆ ಕಾಣಿಸುವ ವಿದ್ಯೆಯಿದೆ. ಇದನ್ನು ಕೇಳಿಸಿಕೊಂಡ ಪಕ್ಕದ ಮನೆಯ ಪಿಳ್ಳಮ್ಮ, "ಹೊಸ ಬಟ್ಟೆ ಹಳೇದು ಮಾಡಕ್ಕೂ ಬುಕ್ಕು ಬೇಕೇನವ್ವ, ನಮ್ಮನೇರ ಕೈಗೆ ಕೊಟ್ರೆ ವಾರದಲ್ಲಿ ಮಾಡ್ತಾರೆ" ಎಂದಳು. ಅವಳ ಗಂಡನನ್ನು ಮುಂದಿನ ಆವೃತ್ತಿಗೆ ಸಲಹೆಗಾರರನ್ನಾಗಿ ನೇಮಿಸಿಕೊಳ್ಳಬಹುದೆಂದು ಸೂಚಿಸುತ್ತೇನೆ.

ಈಗ ತಾವು "ಪಟ್ಟಿಯ ಮುಕುಟಮಣಿ" ಎಂದು ಕೊಂಡಾಡಿರುವ ಆರನೆಯ ಪುಸ್ತಕಕ್ಕೆ ಬರುತ್ತೇನೆ. ಅದರ ಹೆಸರನ್ನು ಇಲ್ಲಿ ಬರೆದು ಇನ್ನೊಂದು ಪ್ರತಿ ಖರ್ಚಾಗುವಂತೆ ಮಾಡುವುದು ನನಗೆ ಇಷ್ಟವಿಲ್ಲ. ಅದರ ಲೇಖಕಿಯವರು ತಮ್ಮ ಆಯ್ಕೆ ಸಮಿತಿಯ ಸದಸ್ಯರೂ ಆಗಿದ್ದಾರೆಂದು ಹಿಂಬದಿಯ ರಕ್ಷಾಪುಟದಿಂದ ತಿಳಿಯಿತು. ಅವರದೇ ಪುಸ್ತಕವನ್ನು ಮುಕುಟಮಣಿಯೆಂದು ಆರಿಸುವ ಹೊತ್ತಿನಲ್ಲಿ ಅವರು ಸಂಕೋಚದಿಂದ ಎದ್ದು ಹೊರಗೆ ಹೋಗಿ ಕಾಫಿ ಕುಡಿಯುತ್ತಿದ್ದರೆಂದೇ ನಾನು ನಂಬಿದ್ದೇನೆ.

ಚಿತ್ರ ನೋಡಲು ಬಂದಿದ್ದ ನಮ್ಮ ಬೀದಿಯ ದ್ಯಾವಮ್ಮಜ್ಜಿ ನೂರಹನ್ನೆರಡನೆಯ ಪುಟದ ಮೇಲೆ ಬೆರಳಿಟ್ಟು, "ಇದು ನಂದು" ಎಂದರು. ಪುಟದ ಅಡಿಯಲ್ಲಿ "ಹೊಲಿದವರು ಯಾರೆಂದು ತಿಳಿದಿಲ್ಲ, ಲೇಖಕಿಯ ಸಂಗ್ರಹದಿಂದ" ಎಂದಿತ್ತು. ಯಾರೆಂದು ತಿಳಿಯದ ಈ ಮುದುಕಿ ನಾಲ್ಕು ವರ್ಷದ ಹಿಂದೆ ಆ ಲೇಖಕಿಯವರಿಗೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಕಾರಿನ ಚಕ್ರ ಕೆಸರಿಗೆ ಇಳಿದಾಗ ಹಿಂದಿನಿಂದ ನೂಕಿಯೂ ಇದ್ದರು. ಅಂದು ಲೇಖಕಿಯವರು ಫೋಟೊ ತೆಗೆದು ಮೂರು ದಿನದಲ್ಲಿ ಮರಳಿಸುವುದಾಗಿ ಹೇಳಿ ಬೊಂತೆಯನ್ನು ಕೇಳಿ ಪಡೆದರು.

ಕೊಟ್ಟದ್ದು ಅಜ್ಜಿಯ ತಪ್ಪು, ಒಪ್ಪುತ್ತೇನೆ, ಆದರೆ ಅದು ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುವ ತಪ್ಪು. ನಮ್ಮಲ್ಲಿ ಬಾಣಂತಿಗೆಂದೋ ನೆಂಟರಿಗೆಂದೋ ಬೊಂತೆ ಕೇಳಿ ಒಯ್ದವರು ಅದನ್ನು ಬರಿದೇ ತಂದುಕೊಡುವುದಿಲ್ಲ, ತಮ್ಮ ಉಟ್ಟ ಬಟ್ಟೆಯದೊಂದು ತುಂಡನ್ನು ಅದಕ್ಕೆ ಹೊಲಿದು, ಮಡಿಸಿ, ಕೊಟ್ಟವರ ಮಡಿಲಿಗೇ ಇಡುತ್ತಾರೆ. ಹೀಗೆ ಹೋಗಿ ಬಂದು ಹೋಗಿ ಬಂದು ಬೀದಿಯ ಅಷ್ಟೂ ಹೆಂಗಸರ ಸೀರೆ ಒಂದೇ ಬೊಂತೆಯ ಮೇಲೆ ಕೂಡಿಕೊಂಡಿರುತ್ತದೆ. ಅದಕ್ಕೇ ಅಜ್ಜಿ ಕಾರಿನ ಕಿಟಕಿಯ ಬಳಿ ನಿಂತು, "ನಿಮ್ದೂ ಒಂದು ತುಂಡು ಹಾಕಿ ತಂದ್ಕೊಡವ್ವ" ಎಂದದ್ದು. ಪುಸ್ತಕದಲ್ಲಿ ಈ ಮಾತು "ಅನಕ್ಷರಸ್ಥ ಮಹಿಳೆಯೊಬ್ಬಳು ನನ್ನ ಕಲೆಗೆ ನೀಡಿದ ಕಾವ್ಯಮಯ ಆಹ್ವಾನ" ಎಂದು ಅಚ್ಚಾಗಿದೆ. ತುಂಡು ಮಾತ್ರ ಬರಲಿಲ್ಲ, ಬೊಂತೆಯೂ ಬರಲಿಲ್ಲ.

ಲೇಖಕಿಯವರ ಪಾಂಡಿತ್ಯಕ್ಕೆ ಕೈಮುಗಿಯಲೇಬೇಕು. ಬೊಂತೆಯ ಒಂದು ಮೂಲೆಯಲ್ಲಿರುವ ಕಪ್ಪು ತುಂಡನ್ನು ಅವರು "ವಿಮಾನ ನಿಲ್ದಾಣಕ್ಕೆ ನೆಲ ಕಳೆದುಕೊಂಡ ಸಮುದಾಯದ ಎದೆಯ ಶೂನ್ಯ" ಎಂದು ಎರಡು ಪುಟ ಬರೆದಿದ್ದಾರೆ. ಅಲ್ಲಿ ಇಲಿ ಕಡಿದಿತ್ತು, ಅಜ್ಜಿ ಮುರಿದ ಛತ್ರಿಯ ಬಟ್ಟೆಯನ್ನು ತೇಪೆ ಹಾಕಿದ್ದರು, ಮತ್ತು ಆಗ ನಮ್ಮ ಕಡೆ ಆಕಾಶದಲ್ಲಿ ಹದ್ದು ಬಿಟ್ಟರೆ ಬೇರೇನೂ ಹಾರುತ್ತಿರಲಿಲ್ಲ. ಆ ಇಲಿಗೂ ತಮ್ಮ ಪ್ರತಿಷ್ಠಾನದಿಂದ ಮರಣೋತ್ತರವಾಗಿ ಒಂದು ಫಲಕ, ಒಂದು ಶಾಲು ಸಲ್ಲಬೇಕೆಂದು ಕೋರುತ್ತೇನೆ.

ಆದರೆ ತಲೆದೆಸೆಯಲ್ಲಿರುವ ಹಸಿರು ತುಂಡಿನ ಬಗ್ಗೆ ಬರೆದದ್ದನ್ನು ಓದುವಾಗ ನನಗೆ ನಗು ಬರಲಿಲ್ಲ. "ಇಡೀ ವಿನ್ಯಾಸಕ್ಕೆ ಹೊಂದದ ಈ ಹಸಿರು, ತರಬೇತಿಯಿಲ್ಲದ ಕಣ್ಣಿನ ಪ್ರಮಾದ" ಎಂದಿದ್ದಾರೆ. ಅದು ದ್ಯಾವಮ್ಮಜ್ಜಿಯ ಮಗಳು ಮುತ್ಯಾಲಮ್ಮನ ಲಂಗದ್ದು. ಏಳು ವರ್ಷಕ್ಕೆ ಜ್ವರ ಬಂದು ತೀರಿಹೋದ ಮಗು ಅದು, ಅವಳದೆಂದು ಮನೆಯಲ್ಲಿ ಉಳಿದದ್ದು ಆ ಒಂದು ಗೇಣು ಬಟ್ಟೆ. ಹೊದ್ದುಕೊಂಡಾಗ ಕೆನ್ನೆಗೆ ತಗುಲಲಿ ಎಂದು ಅಜ್ಜಿ ಅದನ್ನು ಕುತ್ತಿಗೆಯ ಪಕ್ಕಕ್ಕೆ ಹೊಲಿದುಕೊಂಡಿದ್ದರು. ಈ ಸಾಲನ್ನು ನಾನು ಅಜ್ಜಿಗೆ ಓದಿ ಹೇಳಲಿಲ್ಲ, ಹಸಿರಿನ ಬಗ್ಗೆ ಏನೂ ಬರೆದಿಲ್ಲ ಎಂದುಬಿಟ್ಟೆ, ನೌಕರಿಗೆ ಸೇರಿದ ಮೇಲೆ ಓದುಗರಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ತಮ್ಮ ಮೇಲೆ ನನಗೆ ಬಂದಿರುವ ಸಿಟ್ಟಿಗೆ ಇದೊಂದೇ ಕಾರಣ, ಮಿಕ್ಕಿದ್ದೆಲ್ಲ ಮೇಲೋಗರ.

ಬೊಂತೆ ಎಲ್ಲಿದೆಯೆಂದು ಪತ್ತೆ ಹಚ್ಚಿದವನು ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಓಡಿಸುವ ನಮ್ಮೂರಿನ ಬೀರೇಶ. ಏರ್‌ಪೋರ್ಟ್ ರಸ್ತೆಯ ದೊಡ್ಡ ಹೋಟೆಲೊಂದರ ಪಡಸಾಲೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ, ತಮ್ಮ ಪ್ರತಿಷ್ಠಾನದ ಹೆಸರಿನ ಹಿತ್ತಾಳೆ ಫಲಕದ ಸಮೇತ ಅದು ನೇತಾಡುತ್ತಿದೆ. ಕಳೆದ ಮಂಗಳವಾರ ಅವನ ಗಾಡಿಯಲ್ಲೇ ಅಜ್ಜಿಯನ್ನು ಕರೆದುಕೊಂಡು ಹೋದೆ. ಅಜ್ಜಿ ಕೈ ಚಾಚಿದಾಗ ಕಾವಲುಗಾರ, "ಮುಟ್ಬೇಡಿ ಅಜ್ಜಿ, ಆರ್ಟು ಅದು" ಎಂದ. ಅವನದೇನೂ ತಪ್ಪಿಲ್ಲ, ತಾವು ಹೇಳಿಕೊಟ್ಟದ್ದನ್ನು ಹೇಳಿದ. ಅಜ್ಜಿ ಬಹಳ ಹೊತ್ತು ನೋಡುತ್ತಾ ನಿಂತು, ನನ್ನ ಕಡೆ ತಿರುಗಿ, "ತಲೆ ಕೆಳಗ್ ಮಾಡಿ ಹಾಕವ್ರೆ ಕಣವ್ವ. ನನ್ ಮಗೀನ ಕಾಲ್ದೆಸೆಗೆ ಇಕ್ಕವ್ರೆ" ಎಂದರು.

ಆದ್ದರಿಂದ ಮಾನ್ಯರಲ್ಲಿ ನನ್ನ ಬಿನ್ನಹ. ಚಳಿ ಶುರುವಾಗಿದೆ. ಬೊಂತೆಯನ್ನು ಇಳಿಸಿ, ಲೇಖಕಿಯವರು ತಾವು ಉಟ್ಟ ಬಟ್ಟೆಯಿಂದ, ಟೀ ಡಿಕಾಕ್ಷನ್ನಿನಲ್ಲಿ ಅದ್ದದ ಬಟ್ಟೆಯಿಂದ, ಒಂದು ತುಂಡನ್ನು ತಮ್ಮ ಕೈಯಾರೆ ಅದಕ್ಕೆ ಹೊಲಿದು, ಮಡಿಸಿ ತಂದು ಅಜ್ಜಿಯ ಮಡಿಲಿಗೆ ಇಡತಕ್ಕದ್ದು. ಹೊಲಿಯಲು ಬಾರದಿದ್ದರೆ ಸಂಕೋಚ ಬೇಡ, ಮುಕುಟಮಣಿ ಬರೆದವರಿಗೆ ಹೊಲಿಗೆ ಬರಲೇಬೇಕೆಂಬ ನಿಯಮವೇನಿಲ್ಲವಲ್ಲ, ಪಿಳ್ಳಮ್ಮ ಒಂದು ಮಧ್ಯಾಹ್ನದಲ್ಲಿ ಕಲಿಸಿಕೊಡುತ್ತಾಳೆ. ಇದಾಗದ ಪಕ್ಷದಲ್ಲಿ ನೂರಹನ್ನೆರಡನೆಯ ಪುಟವನ್ನೇ ಆರಡಿ ಉದ್ದ ನಾಲ್ಕಡಿ ಅಗಲಕ್ಕೆ, ಹೊದ್ದರೆ ಬೆಚ್ಚಗಾಗುವಂತೆ, ತಲೆ ಯಾವುದು ಕಾಲು ಯಾವುದು ಎಂದು ನಮ್ಮನ್ನು ಕೇಳಿಕೊಂಡು ಅಚ್ಚು ಹಾಕಿಸಿ ಕಳಿಸಿಕೊಡಬೇಕು.

ಎಲ್ಲ ಹನ್ನೊಂದು ಪುಸ್ತಕಗಳನ್ನು ಓದಿಯೂ ಹೊಲಿಗೆಯ ಒಂದೆಳೆಯನ್ನೂ ಹೊಸತಾಗಿ ಕಲಿಯದ,
ತಮ್ಮ ವಿಶ್ವಾಸಿ,
ಅಕ್ಷತ

ತಾ.ಕ.: ಉತ್ತರ ಬರೆಯುವ ಶ್ರಮ ತಮಗಾಗುವುದಾದರೆ ಬಿಡಿ. ಬರುವ ಸೋಮವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಬೀದಿಯ ಹದಿನಾಲ್ಕು ಹೆಂಗಸರು ಸೂಜಿದಾರ ಸಮೇತ ಆ ಹೋಟೆಲಿನ ಪಡಸಾಲೆಗೆ ಬಂದು ಕೂರುತ್ತಾರೆ. ಗಾಜಿನ ಚೌಕಟ್ಟಿಗೆ ಎಂಟು ಸ್ಕ್ರೂಗಳಿವೆಯೆಂದು ಬೀರೇಶ ಅಂದೇ ಎಣಿಸಿಕೊಂಡು ಬಂದಿದ್ದಾನೆ.