ಸೀಮೆಹಸುವಿನ ಬಣ್ಣದ ಮಂಚ

ಪೀಣ್ಯದ ಫ್ಯಾಕ್ಟರಿಯಲ್ಲಿ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ತಗೊಳ್ಳುವ ನನ್ನಂಥವನು ಮನೆಗೆ ಬಂದು ತಾನೇ ಉಳಿ, ಸುತ್ತಿಗೆ ಹಿಡಿದರೆ ಇಂಥ ಪ್ರಸಂಗಗಳಿಗೆ ಬರವಿರುವುದಿಲ್ಲ. ನಾನು ಮಾಡಿದ ಸ್ಟೂಲು, ಶೆಲ್ಫುಗಳದ್ದು ಒಂದು ತೂಕವಾದರೆ ಈ ಮಂಚದ್ದೇ ಒಂದು ತೂಕ.

ಹಲಗೆಯ ಹಠ

ಎಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗದ ನಾನು ಚಿಕ್ಕಬಾಣಾವರದಲ್ಲಿ ಒಬ್ಬ ಗೌಡರ ಮನೆಗೆ ಅಂಟಿಕೊಂಡಿದ್ದ ಕೋಣೆಯಲ್ಲಿ ಬಾಡಿಗೆಗಿದ್ದೆ. ಗೌಡರ ಹೆಂಡತಿ ತಮ್ಮನೆಯಲ್ಲಿ ಮಾಡಿದ ಮುದ್ದೆ, ಸಾರನ್ನು ನನಗೂ ಕಳಿಸುತ್ತಿದ್ದರು. ನಾನು ಕೇಳಿದ್ದಕ್ಕೆ ಕಳಿಸಿದ್ದಲ್ಲ, ಹಸಿದಿರುತ್ತಾನೆ ಅಂತ ಕಳಿಸಿದ್ದು. ಅವರ ಮಗಳಿಗೆ ಮಾಕಳಿಯ ಕಡೆ ಗಂಡು ಗೊತ್ತಾದಾಗ, ಆ ಅನ್ನದ ಋಣ ನೆನೆದು, "ಅಕ್ಕಾ, ಹುಡುಗಿಗೆ ಮಂಚ ನಾನು ಮಾಡಿಕೊಡ್ತೀನಿ" ಅಂದುಬಿಟ್ಟೆ.

ಫ್ಯಾಕ್ಟರಿಗೆ ಮಿಷನ್ನು ಬಂದ ಪೆಟ್ಟಿಗೆಗಳ ಹಲಗೆ ನಮಗೆ ಅಗ್ಗವಾಗಿ ಸಿಗುತ್ತಿತ್ತು. ಬೆಳ್ಳಗಿನ ಹಗುರ ಮರ. ಮಂಚವೇನೋ ನೆಟ್ಟಗೆ ನಿಂತಿತು. ತೇಗದ ಹಾಗೆ ಕಾಣಲಿ ಅಂತ ಬಣ್ಣದ ಪುಡಿ ಕದಡಿ ಬಳಿದೆ ನೋಡಿ, ಅಲ್ಲಿಂದ ಶುರುವಾಯಿತು. ಚೆನ್ನಾಗಿ ಉಜ್ಜಿದ ಕಡೆ ತಿಳಿಗಂದು, ಉಜ್ಜದೆ ಬಿಟ್ಟ ಕಡೆ ಕಡುಗಂದು, ಅಂಟು ಸೋರಿದ ಕಡೆ ಬಣ್ಣವೇ ಹತ್ತಲಿಲ್ಲ.

"ಇನ್ನೊಂದು ಕೋಟು ಹೊಡೀರಿ, ಎಲ್ಲ ಸರಿಹೋಗುತ್ತೆ" ಅಂದರು ನಮ್ಮ ಫಿಟ್ಟರ್ ಒಬ್ಬರು. ಹೊಡೆದೆ. ಕಪ್ಪಗಿದ್ದದ್ದು ಇನ್ನಷ್ಟು ಕಪ್ಪಾಯಿತು. ಬೆಳ್ಳಗಿದ್ದದ್ದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಊಟ ತಂದ ಅಕ್ಕ ಮಂಚವನ್ನು ಒಂದು ಸುತ್ತು ಬಂದರು. "ಇದ್ಯಾಕ್ ಸಾರ್, ನಮ್ ಸೀಮೆ ಅಸ ಇದ್ದಂಗೈತೆ?" ಅಂದರು.

ಹಿಂದೆ ನಿಂತಿದ್ದ ಗೌಡರು ಕೇಳಿದರು, "ಎಷ್ಟ್ ಲೀಟ್ರು ಕೊಡ್ತದಂತೆ?"

ಮಂಚಕ್ಕೆ ಕುಡಿಸಿದ್ದು

ಗೌಡರು ನಕ್ಕರೂ ಅಕ್ಕ ನಗಲಿಲ್ಲ. "ಬೀಗ್ರಿಗೆ ಆಗ್ಲೇ ಯೋಳ್ಬಿಟ್ಟಿವ್ನಿ ಸಾರ್, ಪ್ಯಾಟೆ ಮಂಚನೂ ಇದರ ಮುಂದೆ ಏನಿಲ್ಲ ಅಂತ. ನಮ್ ಮಗ ಅಲ್ಲೋಗಿ ಮಾತು ಕೇಳೋ ಅಂಗಾಗ್ಬಾರ್ದು" ಅಂದರು. ಮಗಳನ್ನೂ ಅವರು ಮಗ ಎಂದೇ ಕರೆಯುತ್ತಿದ್ದರು.

ಬಳಿದ ಬಣ್ಣವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆಯಬಹುದು ಅಂತ ಯಾರೋ ಅಂದರು. ಭಾನುವಾರ ಬಾಗಿಲು ಹಾಕಿಕೊಂಡು, ಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅದ್ದಿ ಉಜ್ಜಿದೆ. ಆ ವಾಸನೆಗೆ ನನ್ನ ಕಣ್ಣು ಕೆಂಪಾಗಿ, ತಲೆ ಗಿರ್ರೆನ್ನುತ್ತಿತ್ತು. ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. ತೆಗೆದರೆ ಗೌಡರು. ಒಂದು ಕೈಯಲ್ಲಿ ಖಾಲಿ ಲೋಟ, ಇನ್ನೊಂದರಲ್ಲಿ ಉಪ್ಪಿನಕಾಯಿ.

"ಒಬ್ರೇ ಕೂತ್ಕಂಡ್ ಬಿಟ್ರಾ ಸಾರ್?" ಅಂತ ಪಿಸುಗುಟ್ಟಿದರು.

"ಅಯ್ಯೋ, ಇದು ಮಂಚಕ್ಕೆ ಗೌಡ್ರೇ!"

ಗೌಡರು ಮಂಚ ನೋಡಿದರು, ಶೀಶೆ ನೋಡಿದರು. "ಮದ್ವೆ ಮಂಚ ಅಲ್ವಾ ಸಾರ್," ಅಂದರು ಬಹಳ ಬೇಜಾರಿನಿಂದ, "ಅದಕ್ಯಾಕೆ ಈಗ್ಲೇ ಕುಡಿಯೋದು ಕಲಿಸ್ತೀರಿ?"

ಒಂದೇ ಬಣ್ಣ

ಒರೆಸಿದ ಮೇಲೆ ಮಂಚ ಹಸುವಿನಿಂದ ಚಿರತೆಯಾಯಿತು. ಮದುವೆ ಹತ್ತಿರ ಬಂದಿತ್ತು. ಬೇರೆ ದಾರಿಯಿಲ್ಲದೆ ನಮ್ಮ ಫ್ಯಾಕ್ಟರಿಯ ಪೇಂಟರ್ ಹತ್ತಿರ ಹೋದೆ. ಅಲ್ಲೊಂದು ತೊಡಕಿತ್ತು. ಆತ ಬಳಿದ ಮಿಷನ್ನಿನ ಭಾಗಗಳಿಗೆ "ಬಣ್ಣ ಹೆಚ್ಚುಕಮ್ಮಿ ಇದೆ" ಅಂತ ಕೆಂಪು ಗುರುತು ಹಾಕಿ ವಾಪಸ್ಸು ಕಳಿಸುತ್ತಿದ್ದವನು ನಾನೇ. ಆದರೂ ಆತ ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ.

"ಏನ್ ಮಾಡ್ಬೇಕು ಸಾರ್?"

"ಏನಾದ್ರೂ ಮಾಡಪ್ಪಾ. ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ ಬಂದ್ರೆ ಸಾಕು."

ಆತನಿಗೆ ಕೋಣೆಯ ಬೀಗದ ಕೈ ಕೊಟ್ಟು ನಾನು ಶಿಫ್ಟಿಗೆ ಹೋದೆ. ಸಂಜೆ ಬಂದು ನೋಡುತ್ತೇನೆ, ಮಂಚ ಎಲ್ಲಿದೆ? ಕೋಣೆಯ ನಡುವೆ ಒಂದು ಲೇಥ್ ಮಿಷನ್ನು ಮಲಗಿತ್ತು. ಸಂದುಗೊಂದಿಗೆಲ್ಲ ಪುಟ್ಟಿ ತುಂಬಿ, ನಯ ಮಾಡಿ, ಮಿಷನ್ನುಗಳಿಗೆ ಹೊಡೆಯುವ ಬೂದುಹಸಿರು ಬಣ್ಣವನ್ನೇ ಹೊಡೆದಿದ್ದ. ಮರದ ಗೆರೆ ಒಂದೂ ಕಾಣುತ್ತಿರಲಿಲ್ಲ.

ಅಲ್ಲೇ ಕಾದಿದ್ದ ಪೇಂಟರ್ ಜೇಬಿನಿಂದ ಕೆಂಪು ಸೀಮೆಸುಣ್ಣ ತೆಗೆದು ನನ್ನ ಕೈಗಿಟ್ಟ. "ಹುಡುಕಿ ಸಾರ್. ಎಲ್ಲಾದ್ರೂ ಹೆಚ್ಚುಕಮ್ಮಿ ಇದ್ರೆ ಗುರುತು ಹಾಕಿ."

ಮಂಚದ ಕೆಳಗೂ ತೂರಿ ಹುಡುಕಿದೆ. ಹಾಳಾದ್ದು, ಒಂದು ಚುಕ್ಕೆಯೂ ಸಿಗಲಿಲ್ಲ.

ಬೀಗರು ಬಂದರು

ಮದುವೆ ಮುಗಿದು ಹೆಣ್ಣು ಕಳಿಸುವ ಹೊತ್ತು. ಅಂಗಳದಲ್ಲಿ ಟ್ರಾಕ್ಟರ್ ನಿಂತಿತ್ತು. ಕೊಟ್ಟ ಪಾತ್ರೆ, ಹಾಸಿಗೆ ಎಲ್ಲ ಏರಿಸಿದ ಮೇಲೆ ಮಂಚ ಉಳಿಯಿತು. ಅಕ್ಕ ಸೆರಗಿನ ತುದಿ ಕಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಚಪ್ಪರದ ಕಂಬದ ಹಿಂದೆ ಸರಿದೆ. ಗಂಡಿನ ತಂದೆ ಮಂಚದ ಬಳಿ ಬಂದು ಕಾಲಿನಿಂದ ತಲೆಯವರೆಗೆ ಕೈಯಾಡಿಸಿದರು.

"ಓಹೋಹೋ, ಕಬ್ಬಿಣದ ಮಂಚ!" ಅಂದರು. "ಏನ್ ಗಟ್ಟಿ ಮಾಲು! ಲೋ, ನಾಲ್ಕು ಜನಕ್ಕಾಗಲ್ಲ ಕಣ್ರೋ, ಎಂಟು ಜನ ಬನ್ರೋ!"

ಬೇಡ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಎಂಟು ಆಳುಗಳು ಪಂಚೆ ಎತ್ತಿಕಟ್ಟಿ, ಅಂಗೈಗೆ ಉಗಿದುಕೊಂಡು, ಸುತ್ತ ಹಿಡಿದಾಗಿತ್ತು. "ಐಸಾ!" ಅಂತ ಉಸಿರು ಬಿಗಿಹಿಡಿದು ಎತ್ತಿದರು. ಮಂಚ ಅವರ ಕೈಬಿಟ್ಟು ತಲೆಯ ಮೇಲೆ ಹಾರಿ, ಚಪ್ಪರದ ತೆಂಗಿನ ಗರಿಗೆ ಸಿಕ್ಕಿಹಾಕಿಕೊಂಡಿತು. ಎಂಟು ಜನವೂ ಬೆನ್ನ ಮೇಲೆ ಬಿದ್ದರು. ವಾಲಗದವನು ಕೂಡ ಊದುವುದನ್ನು ನಿಲ್ಲಿಸಿದ.

ಗಂಡಿನ ತಂದೆ ಮೇಲೆ ನೇತಾಡುತ್ತಿದ್ದ ಮಂಚವನ್ನು ನೋಡಿ, "ಇದೇನಮ್ಮ ಬೀಗಿತ್ತಿ, ಕಬ್ಬಿಣ ಇಷ್ಟ್ ಅಗೂರ?" ಅಂದರು.

ಅಕ್ಕ ಸೆರಗು ಬಿಟ್ಟು ಮುಂದೆ ಬಂದರು. "ಊಂ ಕಣಣ್ಣ. ಎಣ್ಮಗ ಒಬ್ಳೇ ಎತ್ತಿಟ್ಟು ಕಸ ಗುಡಿಸ್ಕಳ್ಳಿ ಅಂತ, ನಮ್ ಸಾರು ಫ್ಯಾಕ್ಟ್ರೀಲಿ ಅದರ ಭಾರ ತೆಗೆಸವ್ರೆ."

ಗಂಡಿನ ತಂದೆ ನನ್ನನ್ನು ಹುಡುಕಿಕೊಂಡು ಕಂಬದ ಹಿಂದಕ್ಕೇ ಬಂದರು. ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದು, ಬಹಳ ಗೌರವದಿಂದ ಕೇಳಿದರು:

"ಸಾರ್, ನಮ್ಮನೇಲೊಂದು ಕಬ್ಬಿಣದ ನೇಗ್ಲೈತೆ. ಎತ್ತುಗಳು ಎಳೀನಾರ್ವು. ಒಸಿ ಅದರ ಭಾರನೂ ತೆಗೆಸ್ಕೊಡ್ತೀರಾ?"